ಪೇಟಿಯ ಪಕ್ಕೆಗೆ ಒಂದು ಏಟು

ಸುಂಕಣ್ಣ ಮಾಸ್ತರರನ್ನು ನಾನು ಮೊದಲು ನೋಡಿದ್ದು ೧೯೪೫ನೆಯ ಇಸವಿ ಜನವರಿ ತಿಂಗಳಲ್ಲಿ, ಸಿರುಗುಪ್ಪದಲ್ಲಿ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ. ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ರೂಢಿಯ ಮಾತು. ಬೆಳಿಗ್ಗೆ ಬಳ್ಳಾರಿ ಬಿಟ್ಟ ಬಸ್ಸು ಮಧ್ಯಾಹ್ನ ಮೂರು ಗಂಟೆಗೆ, ನಾಲ್ಕು ಜನ ಹಿಂದಿನಿಂದ ನೂಕುತ್ತಿರುವಾಗ, ಮರದ ಕೆಳಗೆ ಬಂದು ನಿಂತಿತು. ನೂಕುತ್ತಿದ್ದ ನಾಲ್ವರಲ್ಲಿ ಒಬ್ಬರು ಕಪ್ಪು ಕೋಟು ಹಾಕಿದ್ದರು. ಕೋಟಿಗೆ ಒಂದೇ ಗುಂಡಿ. ಅದೂ ಬೇರೆ ಕೋಟಿನದು. ಮುಖಕ್ಕೆ ಮಸಿ ಮೆತ್ತಿತ್ತು. ಬಸ್ಸಿನ ಮಾಡಿನ ಮೇಲಿಂದ ಚೌಕಳಿ ಸೀರೆಯಲ್ಲಿ ಸುತ್ತಿದ ಹಾರ್ಮೋನಿಯಂ ಪೇಟಿಯನ್ನು ಕೂಸಿನಂತೆ ಇಳಿಸಿಕೊಂಡು, ಅವರು ನನ್ನತ್ತ ತಿರುಗಿದರು.

"ಕರೂರಿನೋರೇನ್ರಿ? ನಾಟಕ ಕಲಿಸಾಕ ಬಂದೀನ್ರಿ. ಸುಂಕಣ್ಣ ಅಂತಾರ."

ನಾನು ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಊರಲ್ಲಿ ತಡವರಿಸದೆ ಓದಬಲ್ಲವನು ನಾನೊಬ್ಬನೇ ಆದ್ದರಿಂದ ನಾಟಕಕ್ಕೆ ಮರೆಯಲ್ಲಿ ನಿಂತು ಮಾತು ಹೇಳಿಕೊಡುವ ಕೆಲಸ ನನ್ನದಾಗಿತ್ತು. ಮಾಸ್ತರರನ್ನು ಕರೆತರಲು ಗಾಡಿಯೊಂದಿಗೆ ನನ್ನನ್ನೇ ಕಳಿಸಿದ್ದರು. ಗಾಡಿ ಹೊಡೆಯುವವನು ಪೇಟಿಯನ್ನು ಮೆತ್ತನೆಯ ಹುಲ್ಲಿನ ಮೇಲೆ ಇರಿಸಿದ. ನಾನು ಪೇಟಿಯ ಪಕ್ಕದಲ್ಲಿ ಕುಳಿತೆ. ಮಾಸ್ತರರು ಗಾಡಿಯ ಹಿಂದೆ ನಡೆದು ಬಂದರು. ಯಾರೂ ಅವರಿಗೆ ನಡೆ ಎಂದು ಹೇಳಲಿಲ್ಲ. ಹತ್ತು ಎಂದೂ ಹೇಳಲಿಲ್ಲ. ಅವರು ತೆಕ್ಕಲಕೋಟೆಯ ಕೇರಿಯವರು. ಪೇಟಿಗೆ ಜಾತಿ ಇರಲಿಲ್ಲ, ಅದು ಗಾಡಿ ಹತ್ತಿತು. ಅಂದು ಇದು ನನಗೆ ವಿಚಿತ್ರವೆನಿಸಲಿಲ್ಲ.

ಕರೂರಿನ ಚಾವಡಿಯ ಮುಂದೆ ಕಟ್ಟೆಯಿತ್ತು. ಅದೇ ರಂಗಸ್ಥಳ. ಮಾಸ್ತರರು ಕೈಕಾಲು ತೊಳೆದುಕೊಂಡು ಬಂದು ಕೇಳಿದರು, "ನಾನೆಲ್ಲಿ ಕುಂದರ್ಲಿ ಧಣಿ?" ಗೌಡರು ಕಟ್ಟೆಯ ಕೆಳಗೆ, ನೆಲದ ಮೇಲೆ, ಗೋಣಿಚೀಲವೊಂದನ್ನು ತೋರಿಸಿದರು. ಅದಕ್ಕೆ ಗೌಡರು ಕೊಟ್ಟ ಕಾರಣ, ಪೇಟಿಯ ದನಿ ಕೆಳಗಿನಿಂದ ಬಂದರೆ ಚೆನ್ನಾಗಿ ಕೇಳಿಸುತ್ತದೆ ಎಂಬುದು. ಆ ಸೀಮೆಯಲ್ಲಿ ಸುಂಕಣ್ಣ ಮಾಸ್ತರರು ಹೋದ ಹದಿನೆಂಟು ಊರುಗಳಲ್ಲೂ ಧ್ವನಿಶಾಸ್ತ್ರ ಇದೇ ಆಗಿತ್ತು.

ತಾಲೀಮು ಶುರುವಾಯಿತು. ಪೇಟಿ ತೆರೆದಿರುವಷ್ಟು ಹೊತ್ತು ಎಲ್ಲರೂ ಅವರನ್ನು "ಮಾಸ್ತರ್ರೇ" ಎನ್ನುತ್ತಿದ್ದರು. ಪೇಟಿ ಮುಚ್ಚಿದ ಕೂಡಲೇ "ಲೇ ಸುಂಕಾ, ಎತ್ತಿಗೆ ನೀರು ತೋರ್ಸಿ ಬಾರಲೇ." ಮಾಸ್ತರರು ಎರಡಕ್ಕೂ ಓಗೊಡುತ್ತಿದ್ದರು. ಒಂದು ಸಂಜೆ ನನ್ನೊಬ್ಬನೊಂದಿಗೆ ಮಾತಾಡುತ್ತ ಅವರು ಹೇಳಿದ್ದು ಇಷ್ಟು: "ಒಂದ್ಸಲ ಮ್ಯಾಲ ಕುಂತು ಬಾರಿಸ್ಬೇಕು ರಂಗಣ್ಣ. ಇಷ್ಟು ವರ್ಷ ಆತು, ರಾಣಿ ಮಾರಿನೇ ನೋಡಿಲ್ಲ ನಾನು. ಕೆಳಗಿಂದ ಬರೀ ಹಿಮ್ಮಡ ಕಾಣ್ತಾವ. ಕರೂರು ರಾಣಿ ಹಿಮ್ಮಡ ಒಡದಾವ, ರೂಪನಗುಡಿ ರಾಣೀವು ಇನ್ನೂ ಒಡದಾವ."

ಅವರಿಗಿದ್ದ ಆಸೆ ಅದೊಂದೇ. ಅವರು ಬೇಡಿದ್ದು ಬಿರುದಲ್ಲ, ಶಾಲಲ್ಲ. ಕಟ್ಟೆಯ ಮೇಲೆ, ಪಾತ್ರಧಾರಿಗಳ ಸಮಕ್ಕೆ, ಪೇಟಿ ಇಟ್ಟುಕೊಂಡು, ರಾಣಿಯ ಮುಖ ನೋಡುತ್ತ ಕೂರಬೇಕು.

ಇನ್ನು ಆ ಹಾಡಿನ ಮಾತು. ಅದು ನನಗೆ ಈಗಲೂ ಎಲ್ಲ ಹಾಡುಗಳಿಗಿಂತ ಹೆಚ್ಚು ಇಷ್ಟ. ಮೂವತ್ತರ ದಶಕದಲ್ಲಿ ಮದರಾಸಿನಲ್ಲಿ ಗ್ರಾಮಫೋನು ಪ್ಲೇಟಾಗಿ ಬಂದ ಹಾಡು. ಕಾಡಿನಲ್ಲಿ ಒಬ್ಬಳೇ ಉಳಿದ ರಾಣಿ, ಬಿಟ್ಟುಹೋದ ಗಂಡನನ್ನು ಕುರಿತು ಕೇಳುತ್ತಾಳೆ:

ಯಾವ ದಾರಿಯ ಹಿಡಿದೆಯೊ ದೊರೆಯೇ
ಒಂದು ಮಾತನು ಹೇಳದೆ

ಇದನ್ನು ಸುಂಕಣ್ಣ ಮಾಸ್ತರರು ಕಲಿಸುತ್ತಿದ್ದ ಬಗೆಯೇ ಬೇರೆ. ಮೊದಲ ಸಾಲು ನೆಟ್ಟಗೆ ಹೋಗುತ್ತಿತ್ತು. ಎರಡನೆಯ ಸಾಲಿಗೆ ಬಂದಾಗ ರಾಣಿಯ ದನಿ ಸಿಕ್ಕಿಬೀಳುತ್ತಿತ್ತು. "ಒಂದು ಮಾ... ಒಂದು ಮಾ... ಒಂದು ಮಾ..." ಮೂರು ಸಲ. ಆಮೇಲೆ ಮಾಸ್ತರರು ಬೆರಳ ಗಿಣ್ಣಿನಿಂದ ಪೇಟಿಯ ಪಕ್ಕೆಗೆ ಟೊಕ್ ಎಂದು ಒಂದು ಏಟು ಹಾಕುತ್ತಿದ್ದರು. ಏಟು ಬಿದ್ದ ಕೂಡಲೇ "...ಮಾತನು ಹೇಳದೆ" ಎಂದು ದನಿ ಬಿಡಿಸಿಕೊಂಡು ಹರಿಯುತ್ತಿತ್ತು.

ಮೊದಲ ದಿನ ಅದನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ಹೇಳದೆ ಹೋದ ಮಾತಿನ ಬಗ್ಗೆ ಹಾಡುವವಳಿಗೆ ‘ಮಾತು’ ಎಂಬ ಮಾತೇ ಗಂಟಲಿನಿಂದ ಏಳುತ್ತಿಲ್ಲ. ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಚಿಕ್ಕಮ್ಮ ಹೀಗೆಯೇ ಒಂದು ಮಾತಿನ ಅರ್ಧಕ್ಕೆ ನಿಂತು ನಿಂತು ಬಿದ್ದದ್ದನ್ನು ನಾನು ಕಂಡಿದ್ದೆ. ಯಾರೋ ಬೆನ್ನಿಗೆ ಗುದ್ದಿದ ಮೇಲೆ ಅಳು ಹೊರಬಂದಿತ್ತು.

"ಇದು ಬಳ್ಳಾರಿ ಪದ್ಧತಿ," ಎಂದರು ಮಾಸ್ತರರು. "ಮೂರು ಸಲ ಅಂದ್ರ ಸಾದಾ. ಐದು ಸಲ ಅಂದ್ರ ಭಾರಿ. ಒಂದೊಂದು ದಿನ ಒಂಬತ್ತೂ ಕೇಳೀನಿ. ಅದು ನಮ್ಮಂಥೋರ ಕೈಯಾಗ ಆಗಂಗಿಲ್ಲ."

ಕರೂರಿನ ರಾಣಿ ಓಬಳೇಶ. ಎರಡು ಎಕರೆ ಗದ್ದೆಯ ರೈತ, ಮೀಸೆ ಬೋಳಿಸಲು ಒಪ್ಪದೆ ಸೆರಗು ಕಚ್ಚಿಕೊಂಡೇ ಹಾಡುವವನು. ಅವನಿಗೊಂದು ಅನುಮಾನ. "ಮಾಸ್ತರ್ರೇ, ನಿಮಗ ಪೇಟಿ ಐತಿ, ಬಡೀತೀರಿ. ಕಾಡಿನ್ಯಾಗ ರಾಣಿ ಏನು ಬಡೀಬೇಕು?"

"ಮನಸಿಗೆ ಬಂದದ್ದು ಬಡಿಯಪ್ಪ. ಮರ ಐತೆಲ್ಲ."

ಮರ ಪರದೆಯ ಮೇಲಿತ್ತು. ನಾಟಕದ ದಿನ ಓಬಳೇಶ ಅದಕ್ಕೆ ಗುದ್ದಿದ ರಭಸಕ್ಕೆ ಇಡೀ ಕಾಡು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ಅವನ ಕಿರೀಟ ಬೀಳಿಸಿತು. ಜನ ಹುಚ್ಚೆದ್ದು "ವನ್ಸ್ ಮೋರ್" ಎಂದರು. ಅವನು ಐದು ಸಲ ಗುದ್ದಿದ.

ಹಾಡು ಊರಿಂದೂರಿಗೆ ಹೋಯಿತು. ರೂಪನಗುಡಿಯವರು ರಾಣಿಯ ಕೈಗೆ ದೊಣ್ಣೆ ಕೊಟ್ಟರು. ಮತ್ತೊಂದು ಊರಿನವರು ಪರದೆಯ ಹಿಂದೆ ಸೀಮೆಎಣ್ಣೆಯ ಖಾಲಿ ಡಬ್ಬಿಯೊಂದಿಗೆ ಒಬ್ಬನನ್ನು ಕೂರಿಸಿದರು; ಅವನಿಗೂ ಕೊನೆಯಲ್ಲಿ ಹಾರ ಹಾಕಿದರು. ಡಬ್ಬಿ ಮೇಲೋ ದೊಣ್ಣೆ ಮೇಲೋ ಎಂದು ಸಂತೆಯಲ್ಲಿ ಎರಡು ಊರಿನವರು ಕೈಕೈ ಮಿಲಾಯಿಸಿದ್ದೂ ಉಂಟು. ಕುರುಗೋಡಿನ ನಿವೃತ್ತ ಉಪಾಧ್ಯಾಯ ವಿರೂಪಾಕ್ಷಪ್ಪನವರು ಇನ್ನೂ ಮುಂದೆ ಹೋದರು. ಏಟಿನ ಮರ್ಮವನ್ನು ಕುರಿತು ಒಂದು ಸಭೆಯಲ್ಲಿ ಮುಕ್ಕಾಲು ಗಂಟೆ ಮಾತನಾಡಿ, ಅದು ವಿಧಿಯ ಏಟೆಂದೂ, ಮೂರು ಸಲ ತಡೆಯುವುದು ಮೂರು ಲೋಕಗಳ ಸಂಕೇತವೆಂದೂ ತೀರ್ಮಾನಿಸಿದರು. ಐದು ಸಲ ತಡೆದರೆ ಪಂಚಭೂತ.

೧೯೪೬ರಲ್ಲಿ ನಾನು ಬಳ್ಳಾರಿಗೆ ಓದಲು ಹೋದೆ. ನಮ್ಮ ಮನೆತನದಲ್ಲಿ ಬಳ್ಳಾರಿಗೆ ಕೋರ್ಟು ಕಚೇರಿಯ ಕೆಲಸಕ್ಕಲ್ಲದೆ ಬೇರೆಯದಕ್ಕೆ ಹೋದವನು ನಾನೇ ಮೊದಲಿಗ. ಕಾಲೇಜಿನ ಹುಡುಗರು ಚಹಕ್ಕೆ ಸೇರುವ ಒಂದು ಹೋಟೆಲು ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿತ್ತು. ಮಾಲೀಕರು ಗಲ್ಲಾದ ಪಕ್ಕದಲ್ಲಿ ಗ್ರಾಮಫೋನು ಇಟ್ಟಿದ್ದರು. ಪ್ಲೇಟುಗಳು ಹಳೆಯವು, ಮುಳ್ಳು ಇನ್ನೂ ಹಳೆಯದು. ಒಂದು ಮಧ್ಯಾಹ್ನ ನಾನು ಬೋಂಡಾ ತಿನ್ನುತ್ತ ಕುಳಿತಿದ್ದೆ. ಪರಿಚಿತ ಹಾಡು ಶುರುವಾಯಿತು. ಯಾವ ದಾರಿಯ ಹಿಡಿದೆಯೊ ದೊರೆಯೇ. ಎರಡನೆಯ ಸಾಲು. "ಒಂದು ಮಾ... ಒಂದು ಮಾ... ಒಂದು ಮಾ..."

ಮಾಲೀಕರು ಚಿಲ್ಲರೆ ಕೊಡುತ್ತಿದ್ದವರು ತಲೆಯೆತ್ತದೆಯೇ ಎಡಗೈ ಚಾಚಿ, ಬೆರಳ ಗಿಣ್ಣಿನಿಂದ ಗ್ರಾಮಫೋನಿನ ಪೆಟ್ಟಿಗೆಗೆ ಟೊಕ್ ಎಂದು ಹೊಡೆದರು. ಮುಳ್ಳು ಗೀರಿನಿಂದ ಆಚೆ ಹಾರಿತು. "...ಮಾತನು ಹೇಳದೆ."

ಬೋಂಡಾ ನನ್ನ ಕೈಯಲ್ಲೇ ಉಳಿಯಿತು. "ಪ್ಲೇಟಿನ್ಯಾಗ ಗೀರು ಐತೇನ್ರಿ?" ಎಂದು ಕೇಳಿದೆ.

"ಅದಾ? ಮೂವತ್ತೆಂಟರಾಗ ಬಿದ್ದದ್ದು. ಬಡದ್ರ ಹೋಗ್ತೈತಿ, ಹೊಸಾದು ಯಾಕ ತರ್ಬೇಕು?" ಎಂದರು ಮಾಲೀಕರು. "ಗಿರಾಕಿ ಜಾಸ್ತಿ ಇದ್ರ ಬಡಿಯಾಕ ತಡ ಆಗ್ತೈತಿ. ಅವಾಗ ಆಕಿ ಏಳೆಂಟು ಸಲ ಒದರ್ಬೇಕು, ಪಾಪ."

ಗ್ರಾಮಫೋನಿನ ಹಿಂದಿನ ಗೋಡೆಯಲ್ಲಿ, ಆಳೆತ್ತರದಲ್ಲಿ, ಒಂದು ಗೂಡಿನಷ್ಟು ಕಿಂಡಿ ಇತ್ತು. ಕೇರಿಯವರು ಹೊರಗೆ ಓಣಿಯಲ್ಲಿ ನಿಂತು ತಮ್ಮ ಲೋಟ ಹಿಡಿದರೆ ಆ ಕಿಂಡಿಯಿಂದ ಚಹ ಸುರಿಯುತ್ತಿದ್ದರು. ಸುಂಕಣ್ಣ ಮಾಸ್ತರರು ಮೂವತ್ತೆಂಟರಲ್ಲಿ ಬಳ್ಳಾರಿಯಲ್ಲಿ ಬೀಡುಬಿಟ್ಟ ಒಂದು ನಾಟಕ ಕಂಪನಿಯ ಪೆಟ್ಟಿಗೆ ಹೊರುವ ಕೆಲಸದಲ್ಲಿದ್ದರೆಂದು ನನಗೆ ಗೊತ್ತಿತ್ತು. ಎಂಟು ತಿಂಗಳು ಪ್ರತಿದಿನ ಆ ಕಿಂಡಿಯ ಹೊರಗೆ ನಿಂತು ಅವರು ಹಾಡು ಕಲಿತಿದ್ದರು. ಪ್ಲೇಟು ಕಂಡಿರಲಿಲ್ಲ, ಮುಳ್ಳು ಕಂಡಿರಲಿಲ್ಲ, ಮಾಲೀಕರ ಕೈ ಕಂಡಿರಲಿಲ್ಲ. ಕೇಳಿದ್ದನ್ನೆಲ್ಲ ಶ್ರದ್ಧೆಯಿಂದ ಕಲಿತರು, ಏಟಿನ ಸಮೇತ. ಕಾಲೇಜಿನಲ್ಲಿ ನಾವು ಬರೆದುಕೊಳ್ಳುತ್ತಿದ್ದ ಟಿಪ್ಪಣಿಗಳಿಗೆ ಅವರ ಪಾಠಕ್ಕಿದ್ದ ಶ್ರದ್ಧೆಯ ಕಾಲುಭಾಗವೂ ಇರಲಿಲ್ಲ.

ಸ್ವರಾಜ್ಯ ಬಂದ ಮರುವರ್ಷ ಮಾಸ್ತರರು ಪೇಟಿಯ ತಿದಿ ರಿಪೇರಿ ಮಾಡಿಸಲು ಬಳ್ಳಾರಿಗೆ ಬಂದರು, ಹೆಂಡತಿ ಮಾರೆಮ್ಮನವರೊಂದಿಗೆ. ಆ ಹೊತ್ತಿಗೆ ಹೋಟೆಲುಗಳಲ್ಲಿ ಭೇದ ಮಾಡಕೂಡದೆಂದು ಹುಕುಂ ಆಗಿತ್ತು. ನಮ್ಮ ಹೋಟೆಲಿನಲ್ಲೂ ‘ಎಲ್ಲರಿಗೂ ಪ್ರವೇಶವುಂಟು’ ಎಂಬ ಹಲಗೆ ನೇತಾಡುತ್ತಿತ್ತು. ಕಿಂಡಿಯನ್ನು ಮಾತ್ರ ಮುಚ್ಚಿರಲಿಲ್ಲ.

"ಒಳಗ ಬರ್ರಿ ಮಾಸ್ತರ್ರೇ," ಎಂದೆ.

"ಬ್ಯಾಡ ರಂಗಣ್ಣ. ಹೊರಗ ಗಾಳಿ ಐತಿ."

"ಗಾಳಿ ಮನ್ಯಾಗೂ ಐತಿ," ಎಂದರು ಮಾರೆಮ್ಮ. "ಕರಿಯೋ ಮಗ ಕರಿಯಾಕ ಹತ್ತ್ಯಾನ, ನಡಿಯಪ್ಪ. ಕಾಲು ಸೋತಾವ ನನಗ."

ಒಳಗೆ ಕುಳಿತೆವು. ಇಬ್ಬರು ಗಿರಾಕಿಗಳು ಎದ್ದು ಹೋದರು. ಅವರಿಗೆ ಆಗಲೇ ಏನೋ ಕೆಲಸ ನೆನಪಾಗಿತ್ತು. ನಾನು ಮಾಲೀಕರಿಗೆ ಆ ಪ್ಲೇಟು ಹಾಕಲು ಹೇಳಿದೆ. ಹೇಳಬಾರದಿತ್ತೇನೋ. ನಿಜ ತಿಳಿಯುವುದು ಎಲ್ಲರಿಗೂ ಒಳ್ಳೆಯದೆಂದು ಆ ವರ್ಷ ನಾನು ತರ್ಕಶಾಸ್ತ್ರದಲ್ಲಿ ಓದುತ್ತಿದ್ದೆ. ಹಾಡು ಬಂತು, ದನಿ ಸಿಕ್ಕಿತು, ಮಾಲೀಕರ ಕೈ ಚಾಚಿತು. ಟೊಕ್.

ಮಾಸ್ತರರು ಆ ಕೈಯನ್ನೇ ನೋಡಿದರು. ಎದ್ದು ಹೋಗಿ ತಿರುಗುವ ಪ್ಲೇಟನ್ನು ಬಗ್ಗಿ ನೋಡಿದರು. ಬಂದು ಕುಳಿತು ಆರಿದ ಚಹವನ್ನು ಪೂರ್ತಿ ಕುಡಿದರು.

"ಹತ್ತು ವರ್ಷ," ಎಂದರು. "ಹತ್ತು ವರ್ಷ ಚಿಲ್ಲರಿ ಎಣಿಸೋನ ಕೈ ತಾಳ ನಾನು ಹಾಕೀನಿ."

ಮಾರೆಮ್ಮ ನಕ್ಕರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಮನ್ಯಾಗ ಸೊಸಿ ರೊಟ್ಟಿ ಬಡಿಯಾಕ ಕುಂತ್ರ, ತಾಳ ತಪ್ಪೈತಿ ಅಂತಿದ್ದ್ಯಲ್ಲೋ! ಈಗ ಹೇಳು, ಯಾರ ತಾಳ ತಪ್ಪೈತಿ?"

ಮಾಸ್ತರರು ತಿದ್ದಿಕೊಳ್ಳಲು ಹೊರಟರು. ಅದು ಅವರ ಸ್ವಭಾವ. ಮರುತಿಂಗಳು ಸಿರುಗುಪ್ಪದ ಹತ್ತಿರದ ಒಂದು ಊರಿನಲ್ಲಿ ತಡೆಯೂ ಇಲ್ಲದ, ಏಟೂ ಇಲ್ಲದ ಹಾಡನ್ನು ಕಲಿಸತೊಡಗಿದರು. ಎರಡನೆಯ ದಿನ ಊರಿನ ಹಿರಿಯರು ಬಂದು ನಿಂತರು. "ಏನ್ಲೇ ಸುಂಕಾ, ರೂಪನಗುಡಿಯೋರಿಗೆ ಏಟು ಹಾಕಿ ಕೊಟ್ಟಿ, ನಮಗ ಬೋಳು ಹಾಡು ಕೊಡ್ತೀಯೇನು? ನಾವೇನು ಕಡಿಮಿ ಕೊಟ್ಟೀವಿ?" ಮೂರನೆಯ ದಿನ ಏಟು ಮತ್ತೆ ಬಂತು. ಅದರ ಜೊತೆಗೆ, ಮೋಸ ಮಾಡಲು ನೋಡಿದವನೆಂಬ ಹೆಸರೂ ಬಂತು.

ನಾನು ಬಿ.ಎ. ಮುಗಿಸಿ ಕುರುಗೋಡಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ೧೯೫೨ರಲ್ಲಿ ಅಲ್ಲಿಯ ಹತ್ತಿ ವ್ಯಾಪಾರಿ ದೊಡ್ಡಬಸಪ್ಪನವರು ಒಂದು ನಾಟಕ ಸಂಘ ಕಟ್ಟಿದರು. ಕಲ್ಲಿನ ಕಟ್ಟೆ, ತಗಡಿನ ಮಾಡು, ಮೇಲೆ ಅವರ ತಂದೆಯ ಹೆಸರು. ಕಾಯಂ ಮಾಸ್ತರರಾಗಿ ಸುಂಕಣ್ಣನವರನ್ನು ಕರೆಸಿದರು. ಕರಾರು ಮಾತಾಡುವಾಗ ನಾನೂ ಇದ್ದೆ. ಮಾಸ್ತರರು ಸಂಬಳದ ಮಾತೆತ್ತಲಿಲ್ಲ.

"ನಂದೊಂದು ಮಾತೈತ್ರಿ ಸಾವ್ಕಾರ್ರೇ. ಮ್ಯಾಲ ಕುಂದರ್ತೀನಿ."

ದೊಡ್ಡಬಸಪ್ಪನವರು ದೊಡ್ಡ ಮನಸ್ಸು ಮಾಡಿದರು. ಆ ವರ್ಷ ಚುನಾವಣೆ ಮುಗಿದಿತ್ತಷ್ಟೆ. ಭಾಷಣಗಳು ಕಿವಿಯಲ್ಲಿ ಇನ್ನೂ ಬಿಸಿಯಾಗಿದ್ದವು. "ಕುಂದರಪ್ಪ! ಕುರ್ಚಿನೇ ಹಾಕಿಸ್ತೀನಿ. ಇದು ಹೊಸ ಕಾಲ ಐತಿ."

ಉದ್ಘಾಟನೆ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ. ಕುರ್ಚಿ ನಿಜವಾಗಿಯೂ ಹಾಕಿದ್ದರು. ಮಾಸ್ತರರು ಒಗೆದ ಕೋಟು ಹಾಕಿಕೊಂಡು, ನಾಲ್ಕು ಮೆಟ್ಟಿಲು ಹತ್ತಿ, ಕುಳಿತರು. ಮುಂದಿನ ಸಾಲಿನಲ್ಲಿ ಹೆಗಲಿನ ವಲ್ಲಿ ಸರಿಮಾಡಿಕೊಂಡವರು ಕೆಲವರು. ಹೊಸ ಕಾಲವನ್ನು ಎಲ್ಲರೂ ಸಹಿಸಿಕೊಂಡು ಕುಳಿತಿದ್ದರು.

ಆಗ ದೊಡ್ಡಬಸಪ್ಪನವರ ಆಳು ಗ್ರಾಮಫೋನು ತಂದಿಟ್ಟ. ಮಾಸ್ತರರ ಗೌರವಾರ್ಥ, ಆ ಹಾಡಿನ ಹೊಚ್ಚಹೊಸ ಪ್ಲೇಟನ್ನು ಮದರಾಸಿನಿಂದ ತರಿಸಿದ್ದರು. ಯಾರಿಗೂ ಮೊದಲೇ ಹೇಳಿರಲಿಲ್ಲ. ಮಾಸ್ತರರು ನನ್ನ ಕಡೆ ನೋಡಿದರು. ನಾನು ಸಾವ್ಕಾರರ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ, "ಪ್ಲೇಟು ಬ್ಯಾಡ ಬಿಡ್ರಿ. ಮಾಸ್ತರ್ರೇ ಹಾಡ್ಲಿ."

"ಮದರಾಸಿನಿಂದ ತರಿಸೀನಪ್ಪ!" ಎಂದರು ಅವರು, ಊರಿಗೆಲ್ಲ ಕೇಳುವಂತೆ.

ಮುಳ್ಳು ಇಳಿಯಿತು. ಹಾಡು ಬಂತು. ಎರಡನೆಯ ಸಾಲು ಎಣ್ಣೆ ಹಚ್ಚಿದ ಹಗ್ಗದಂತೆ ನುಣ್ಣಗೆ ಜಾರಿ ಹೋಯಿತು. "ಒಂದು ಮಾತನು ಹೇಳದೆ." ನನಗೂ ಅದನ್ನು ಗೀರಿಲ್ಲದೆ ಕೇಳಿದ್ದು ಅದೇ ಮೊದಲು. ಒಳ್ಳೆಯ ದನಿ, ಒಳ್ಳೆಯ ಶಿಕ್ಷಣ. ಆದರೆ ಗಂಡ ಬಿಟ್ಟುಹೋದ ಸಂಗತಿಯನ್ನು ಆಕೆ ಶಾನುಭೋಗರ ನೋಟೀಸು ಓದಿದಂತೆ ಹೇಳಿ ಮುಗಿಸಿದ್ದಳು.

ಸಭೆಯಲ್ಲಿ ಗದ್ದಲವೆದ್ದಿತು. "ಏಟು ಎಲ್ಲೈತಿ?" "ಮತ್ತೊಮ್ಮಿ ಹಾಕ್ರಿ!" ಮತ್ತೊಮ್ಮೆ ಹಾಕಿದರು. ಮತ್ತೊಮ್ಮೆಯೂ ಏಟಿರಲಿಲ್ಲ. ದೊಡ್ಡಬಸಪ್ಪನವರು ಬೆವರಿ, ಗ್ರಾಮಫೋನಿಗೆ ತಾವೇ ಅಂಗೈಯಿಂದ ಒಂದು ಬಿಟ್ಟರು. ಮುಳ್ಳು ಕಿರ್ರೆಂದು ಪ್ಲೇಟಿನ ಉದ್ದಗಲಕ್ಕೂ ಗೀಚಿ ನಿಂತಿತು.

ವಿರೂಪಾಕ್ಷಪ್ಪನವರು ಎದ್ದರು. ಮೂರು ಲೋಕ ಮತ್ತು ಪಂಚಭೂತಗಳ ಭಾರ ಅವರ ಮೇಲಿತ್ತು. "ಪ್ಲೇಟೇ ತಪ್ಪು! ಮದರಾಸಿನೋರಿಗೆ ಬಳ್ಳಾರಿ ಪದ್ಧತಿ ಏನು ಗೊತ್ತು? ಮಾಸ್ತರ್ರೇ, ಪ್ಲೇಟ್ ತಪ್ಪು ಅಂತ ಒಂದು ಮಾತು ಹೇಳ್ರಿ, ಮುಗೀತು."

ಸಭೆಯೆಲ್ಲ ಕುರ್ಚಿಯ ಕಡೆ ತಿರುಗಿತು. ಹೌದೆಂದರೆ ಸಾಕಿತ್ತು. ಜನಕ್ಕೂ ಅದೇ ಬೇಕಿತ್ತು. ಹೌದು ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ತರ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದವನಾದರೂ.

ಮಾಸ್ತರರು ಎದ್ದು ನಿಂತರು. "ಪ್ಲೇಟ್ ಸರಿ ಐತ್ರಿ. ನಾನು ಕಲಿತಿದ್ದು ತಪ್ಪು. ಬಳ್ಳಾರಿ ಹೋಟ್ಲಾಗ ಪ್ಲೇಟಿಗೆ ಗೀರು ಬಿದ್ದಿತ್ತು. ಸಿಕ್ಕಾಗ ಧಣಿ ಡಬ್ಬಿಗೆ ಬಡೀತಿದ್ದ. ನಾನು ಗ್ವಾಡಿ ಹೊರಗ ನಿಂತಿದ್ದೆ, ಕಾಣ್ಲಿಲ್ಲ. ಒಳಗ ಬಿಟ್ಟಿದ್ರ ನೋಡಿ ಸರಿ ಕಲೀತಿದ್ದೆ."

ಯಾರೋ ನಕ್ಕರು. ಹಾಡಿನ ತಪ್ಪನ್ನು ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಕಡೆಯ ಮಾತು. ದೊಡ್ಡಬಸಪ್ಪನವರ ಮುಖ ಕೆಂಪಾಯಿತು.

"ಹಾಡಿನ ಮಾತು ಕೇಳಿದ್ರ ಜಾತಿ ಮಾತು ತಗೀತೀಯೇನಲೇ ಸುಂಕಾ? ಕುರ್ಚಿ ಹಾಕಿಸಿ ಕುಂದ್ರಿಸೀನಲ್ಲೋ! ಇನ್ನೇನು ಮಾಡ್ಬೇಕು?"

"ನಾ ಹೊರಗ ನಿಂತಿದ್ದೆ ಅಂದ್ನಿ, ಅಷ್ಟ ರೀ," ಎಂದರು ಮಾಸ್ತರರು. "ನೀವು ನಿಲ್ಲಿಸಿದ್ರಿ ಅಂತ ನಾ ಅನ್ನಲಿಲ್ಲ."

ಅದರಿಂದ ಸಭೆ ಇನ್ನೂ ಕೆಟ್ಟಿತು. ನಾಲ್ಕೂ ಕಡೆಯಿಂದ ದನಿಗಳೆದ್ದವು: ಮಂಗಳಕಾರ್ಯ ಕೆಡಿಸಿದ, ಮೇಲೆ ಕೂರಿಸಿದ್ದೇ ತಪ್ಪು, ಇಷ್ಟು ವರ್ಷ ಊರೂರಿಗೆ ಸುಳ್ಳು ಹಾಡು ಕಲಿಸಿ ಉಂಡ. ಮಾಸ್ತರರು ಪೇಟಿಯ ತಿದಿ ಕಟ್ಟಿ, ಸೀರೆ ಸುತ್ತಿ, ಇಳಿದರು. ಕುರ್ಚಿಯ ಮೇಲೆ ಅವರು ಕುಳಿತದ್ದು ಸುಮಾರು ಇಪ್ಪತ್ತೈದು ನಿಮಿಷ. ಪೇಟಿಯನ್ನು ಬಸ್ಸಿನವರೆಗೆ ನಾನು ಹೊತ್ತೆ. ಹೊರುವುದು ಸುಲಭವಿತ್ತು. ಸಭೆಯಲ್ಲಿ ಎದ್ದು ನಿಂತು, ಕಿಂಡಿ ನಾನೂ ನೋಡಿದ್ದೇನೆ ಎಂದು ಹೇಳುವ ಕೆಲಸವನ್ನು ನಾನು ಮಾಡಿರಲಿಲ್ಲ. ಶಾಲೆಯ ಆಡಳಿತ ಮಂಡಳಿಗೂ ದೊಡ್ಡಬಸಪ್ಪನವರೇ ಅಧ್ಯಕ್ಷರು.

"ರಾಣಿ ಮಾರಿ ನೋಡಾಕಾಗ್ಲಿಲ್ಲ ನಿಮಗ," ಎಂದೆ ದಾರಿಯಲ್ಲಿ.

"ಜನದ ಮಾರಿ ನೋಡಿದ್ನೆಲ್ಲ," ಎಂದರು. "ಮ್ಯಾಲಿಂದ ಚೆಂದ ಕಾಣ್ತಾವ."

ಸಂಘದವರು ಆ ವಾರವೇ ಸಭೆ ಸೇರಿದರು. ಮಾಸ್ತರರನ್ನು ಬಿಡುವುದೆಂದು ಒಂದೇ ದನಿಯಲ್ಲಿ ಒಪ್ಪಿದರು. ಹಾಡನ್ನು ಬಿಡುವುದೇ ಎಂಬ ಪ್ರಶ್ನೆ ಬಂದಾಗ ಮಾತ್ರ ಚರ್ಚೆಯಾಯಿತು. ಏಟಿಲ್ಲದ ಹಾಡನ್ನು ಕೇಳಲು ಯಾರೂ ಬರುವುದಿಲ್ಲವೆಂದು ತಿಳಿದು, ಏಟಿನೊಂದಿಗೇ ಇಟ್ಟುಕೊಂಡರು. ಹೊಸ ಮಾಸ್ತರರು ಒಳ್ಳೆಯ ಕುಲದವರು, ಏಟು ಅಷ್ಟು ಒಳ್ಳೆಯದಲ್ಲ. ಕಳೆದ ವರ್ಷದ ಕರಪತ್ರದಲ್ಲಿ ಅದಕ್ಕೆ ‘ಕುರುಗೋಡು ಪದ್ಧತಿ’ ಎಂದು ಅಚ್ಚು ಹಾಕಿಸಿದ್ದಾರೆ. ವಿರೂಪಾಕ್ಷಪ್ಪನವರು ಮುನ್ನುಡಿಯಾಗಿ ಎರಡು ಮಾತು ಬರೆದಿದ್ದಾರೆ. ನಾನು ಹೋಗಿ ಕೇಳಿದೆ. ಆ ಹಾಡೆಂದರೆ ನನಗೆ ಅಷ್ಟು ಆಸೆ. ನಾಚಿಕೆ ಬಿಟ್ಟು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ದನಿ ಸಿಕ್ಕಿಬಿದ್ದಾಗ ಈಗಲೂ ಚಿಕ್ಕಮ್ಮ ನೆನಪಾಗುತ್ತಾರೆ. ಪ್ಲೇಟಿನಲ್ಲಿ ಹಾಡಿದವಳು ಹಾಡಿಗೆ ಕೊಡಲಾಗದ್ದನ್ನು ಒಂದು ಗೀರು, ಒಂದು ಗೋಡೆ ಮತ್ತು ಗೋಡೆಯ ಹೊರಗೆ ಕಿವಿಗೊಟ್ಟು ನಿಂತ ಒಬ್ಬ ಮನುಷ್ಯ ಸೇರಿ ಕೊಟ್ಟರು. ಕರಪತ್ರದಲ್ಲಿ ಈ ಮೂರರ ಹೆಸರೂ ಇಲ್ಲ.

ಸುಂಕಣ್ಣ ಮಾಸ್ತರರು ಈಗ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಅಳೆಯುವ ಕೆಲಸ ಮಾಡುತ್ತಾರೆ. ಭಾನುವಾರ ತೆಕ್ಕಲಕೋಟೆಗೆ ಹೋಗಿ ಕೇರಿಯವರಿಗೆ ನಾಟಕ ಕಲಿಸುತ್ತಾರೆ. ಅಲ್ಲಿ ಕಟ್ಟೆಯಿಲ್ಲ, ರಾಣಿಯೂ ಪೇಟಿಯೂ ಒಂದೇ ನೆಲದ ಮೇಲೆ.